ಮಂಗ ಹಿಡಿಸುವ ದುಡ್ಡಿನಲ್ಲಿ ಮೊದಲು ಕಸ ಎತ್ತಿಸಿ

ಮಾನ್ಯ ಸಂಪಾದಕರೇ,

ನಮ್ಮ ಕೊಡಗಿನ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಎಲ್ಲಿಯ ವಾರ್ಡ್ ಸಭೆಯಾದರೂ ಸರಿ, ಚರಂಡಿ ಮತ್ತು ಬೀದಿದೀಪದ ಮಾತು ಮುಗಿಯುತ್ತಿದ್ದಂತೆ ಒಂದು ಬೇಡಿಕೆ ಏಳುತ್ತದೆ: ಮಂಗಗಳನ್ನು ಹಿಡಿಸಿ ಕಾಡಿಗೆ ಬಿಡಿ. ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆಯವರಾದರೆ ಅದಕ್ಕೆ ಆನೆಯನ್ನೂ ಸೇರಿಸುತ್ತಾರೆ. ಬೇಡಿಕೆ ಇಡುವವರ ಕಷ್ಟ ಸುಳ್ಳಲ್ಲ. ಆದರೆ ಹಿಡಿದು ಬಿಡುವುದಕ್ಕೆ ಸುರಿಯುವ ಹಣ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಯಾಕೆ ಹಾಗೆ, ಅದರ ಬದಲು ಏನು ಮಾಡಬಹುದು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ಉದ್ದವಾದರೆ ಕ್ಷಮೆ ಇರಲಿ.

ನಮ್ಮ ಊರುಗಳಲ್ಲಿ ಹೆಂಚಿನ ಮೇಲೆ ಓಡಾಡುವುದು ಬಾನೆಟ್ ಮಕಾಕ್ ಎಂಬ ದಕ್ಷಿಣ ಭಾರತದ ಮಂಗ. 2022ರ ವನ್ಯಜೀವಿ ಸಂರಕ್ಷಣಾ ತಿದ್ದುಪಡಿ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಇದು ಮೊದಲ ಅನುಸೂಚಿಯಲ್ಲಿದೆ, ಅಂದರೆ ಆನೆ, ಹುಲಿಗಳ ಸಾಲಿನಲ್ಲಿ. ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಬೋನು ಇಟ್ಟರೆ ಅದು ಅಪರಾಧ. ವಾರ್ಡ್ ಸದಸ್ಯರು ಹೊರಗಿನಿಂದ ಮಂಗ ಹಿಡಿಯುವವರನ್ನು ಕರೆಸುವ ಮೊದಲು ಇದನ್ನು ತಿಳಿದುಕೊಂಡರೆ ಅವರಿಗೇ ಒಳ್ಳೆಯದು.

ಕಾನೂನು ಬದಿಗಿರಲಿ. ಬೋನಿಗೆ ಬೀಳುವುದು ಸಾಮಾನ್ಯವಾಗಿ ಮರಿಗಳು ಮತ್ತು ಪ್ರಾಯದ ಮಂಗಗಳು. ಹಳೆಯ ಚಾಲಾಕಿಗಳು ಹೊರಗೇ ಉಳಿಯುತ್ತವೆ. ಈ ಜಾತಿಯಲ್ಲಿ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿದರೆ, ಗಂಡುಗಳು ಬೇರೆ ಗುಂಪಿಗೆ ಹೋಗುತ್ತವೆ. ಹಾಗಾಗಿ ನಾಲ್ಕಾರು ಹೆಣ್ಣು ಉಳಿದರೂ ಗುಂಪು ಮತ್ತೆ ಕಟ್ಟಿಕೊಳ್ಳುತ್ತದೆ. ಒಂದೂ ಉಳಿಯದಂತೆ ಹಿಡಿದರೆ ಪಕ್ಕದ ಗುಂಪು ಆ ಜಾಗಕ್ಕೆ ಬರುತ್ತದೆ, ಯಾಕೆಂದರೆ ಅನ್ನ ಅಲ್ಲಿಯೇ ಇದೆಯಲ್ಲ. ಹಿಡಿದವನ್ನು ಬಿಡುವುದೂ ಲಾರಿ ಹೋಗುವಷ್ಟು ದೂರ ಮಾತ್ರ, ಹೆಚ್ಚಾಗಿ ಘಾಟಿ ರಸ್ತೆಯ ಬದಿಯಲ್ಲಿ. ಬಿಸ್ಕತ್ತು ಮತ್ತು ಚಿತ್ರಾನ್ನಕ್ಕೆ ಒಗ್ಗಿದ ಮಂಗ ಅಲ್ಲಿಂದ ಕಾಡಿನೊಳಕ್ಕೆ ಹೋಗುವುದಿಲ್ಲ. ಒಂದೋ ರಸ್ತೆಯಲ್ಲೇ ಕೂತು ಕಾರುಗಳನ್ನು ಕಾಯುತ್ತದೆ, ಇಲ್ಲವೇ ಹತ್ತಿರದ ಊರಿನ ಬಾಳೆ, ಏಲಕ್ಕಿಗೆ ಇಳಿಯುತ್ತದೆ. ನಮ್ಮ ತಲೆನೋವನ್ನು ಇನ್ನೊಬ್ಬ ಬಡ ರೈತನ ಅಂಗಳಕ್ಕೆ ಸಾಗಿಸಿದ್ದಾಯಿತು, ಅಷ್ಟೇ.

ಹಿಮಾಚಲದಲ್ಲಿ ಮಾಡುವಂತೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಎನ್ನುವವರೂ ಇದ್ದಾರೆ. ಅದು ತಪ್ಪು ಸಲಹೆಯಲ್ಲ, ನಿಧಾನದ ಸಲಹೆ. ಗುಂಪಿನ ಬಹುಪಾಲು ಹೆಣ್ಣುಗಳಿಗೆ ಮಾಡಿಸದಿದ್ದರೆ ಸಂಖ್ಯೆ ಇಳಿಯುವುದಿಲ್ಲ. ಮೇಲಾಗಿ ಇವತ್ತು ಶಸ್ತ್ರಚಿಕಿತ್ಸೆಯಾದ ಮಂಗ ನಾಳೆಯೂ ಹೆಂಚು ಎಳೆಯುತ್ತದೆ, ಇನ್ನೂ ಎಷ್ಟೋ ವರ್ಷ ಎಳೆಯುತ್ತಲೇ ಇರುತ್ತದೆ.

ಹಾಗಾದರೆ ಮೊದಲು ನೋಡಬೇಕಾದ್ದು ಕಸವನ್ನು. ನಮ್ಮಲ್ಲಿ ಮನೆಯ ಕಸವನ್ನು ಚೀಲಕ್ಕೆ ತುಂಬಿ ಗೇಟಿಗೆ ನೇತುಹಾಕುವ ರೂಢಿ. ಬೆಳಗ್ಗೆ ಆರಕ್ಕೆ ಚೀಲ ಗೇಟಿಗೆ ಬರುತ್ತದೆ, ಗಾಡಿ ಒಮ್ಮೆ ಎಂಟಕ್ಕೆ, ಒಮ್ಮೆ ಹನ್ನೊಂದಕ್ಕೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಆ ಎರಡರಿಂದ ಐದು ಗಂಟೆಯೇ ಮಂಗಗಳ ಊಟದ ಹೊತ್ತು. ಚೀಲದ ತಳ ಹರಿದು, ಅನ್ನ, ಸಿಪ್ಪೆ ಗೇಟಿನ ಬುಡದಲ್ಲಿ ಚೆಲ್ಲುತ್ತವೆ. ಹಗಲು ಮಂಗ ಬಿಟ್ಟದ್ದನ್ನು ರಾತ್ರಿ ಬೀದಿನಾಯಿ ಮತ್ತು ಹೆಗ್ಗಣ ತಿನ್ನುತ್ತವೆ. ನಾಯಿಯ ಹಿಂದೆ ಚಿರತೆ, ಹೆಗ್ಗಣದ ಹಿಂದೆ ಕೇರೆಹಾವು, ಕೇರೆಯ ಹಿಂದೆ ಕಾಳಿಂಗ. ಪಟ್ಟಣಕ್ಕೆ ಚಿರತೆ ನುಗ್ಗಿತು, ಬಚ್ಚಲಲ್ಲಿ ಕಾಳಿಂಗ ಸಿಕ್ಕಿತು ಎಂಬ ಸುದ್ದಿಗಳ ಬುಡ ಹುಡುಕಿದರೆ ಎಷ್ಟೋ ಸಲ ಆ ಹರಿದ ಚೀಲಕ್ಕೇ ಬಂದು ಮುಟ್ಟುತ್ತೇವೆ.

ಇದಕ್ಕೆ ದೊಡ್ಡ ಯೋಜನೆ ಬೇಡ. ಪ್ರತಿ ಬೀದಿಗೂ ಗಾಡಿಯ ಹೊತ್ತು ಗೊತ್ತುಮಾಡಿ, ಆ ಹೊತ್ತನ್ನು ಗುತ್ತಿಗೆಯ ಕರಾರಿನಲ್ಲೇ ಬರೆಸಿ, ತಪ್ಪಿದರೆ ದಂಡ ಹಾಕುವುದು. ಗಾಡಿಯ ಹಾಡು ಕೇಳಿದ ಮೇಲಷ್ಟೇ ಬಕೆಟ್ಟನ್ನು ಹೊರತಂದು ಕೈಯಿಂದ ಕೈಗೆ ಕೊಡುವುದು. ಹಸಿಕಸ, ಒಣಕಸ ಬೇರೆ ಮಾಡಬೇಕೆಂದು ಘನತ್ಯಾಜ್ಯ ನಿಯಮಗಳಲ್ಲೇ ಇದೆ. ಎರಡೂ ಬೆರೆತರೆ ಆಗುವ ಅನಾಹುತ ಕಸ ಸುರಿಯುವ ಜಾಗದಲ್ಲಿ ಕಾಣುತ್ತದೆ. ಅನ್ನದ ವಾಸನೆಗೆ ಬರುವ ಕಾಡುಹಂದಿ, ಆನೆಗಳು ಪ್ಲಾಸ್ಟಿಕ್ಕನ್ನೂ ಸೇರಿಸಿಯೇ ನುಂಗುತ್ತವೆ.

ಸಾರ್ವಜನಿಕ ಜಾಗದಲ್ಲಿ ತೊಟ್ಟಿ ಇಡಲೇಬೇಕಾದರೆ ಈಗಿರುವ ತೂಗಾಡುವ ಪ್ಲಾಸ್ಟಿಕ್ ತೊಟ್ಟಿ ಕೆಲಸಕ್ಕೆ ಬಾರದು. ಮಂಗ ಅದರ ಅಂಚಿಗೆ ಕೂತರೆ ಸಾಕು, ಮಗುಚಿಕೊಳ್ಳುತ್ತದೆ. 200 ಲೀಟರಿನ ಕಬ್ಬಿಣದ ಡ್ರಮ್ಮನ್ನು ಎರಡು ಕಂಬಗಳ ನಡುವೆ ಬೋಲ್ಟ್ ಹಾಕಿ ನಿಲ್ಲಿಸಿ, ಹಿಂಜಿನ ಮುಚ್ಚಳಕ್ಕೆ ಕೊಂಡಿ ಇಡಿ. ಕೊಂಡಿ ಹೇಗಿರಬೇಕು ಎಂಬುದೇ ಮುಖ್ಯ: ಎತ್ತಿದರೆ ತೆರೆಯುವಂಥದ್ದನ್ನು ಮಂಗ ಬೇಗ ಕಲಿಯುತ್ತದೆ. ಒತ್ತಿ ಹಿಡಿದು, ಜೊತೆಗೇ ಮುಚ್ಚಳ ಎತ್ತಬೇಕಾದ, ಎರಡು ಕೈಗೂ ಬೇರೆ ಬೇರೆ ಕೆಲಸ ಕೊಡುವ ಕೊಂಡಿ ಹೆಚ್ಚು ಬಾಳುತ್ತದೆ. ಡ್ರಮ್ಮಿನ ತಳಕ್ಕೆ ನಾಲ್ಕಾರು ತೂತು ಕೊರೆಯದಿದ್ದರೆ ಜುಲೈ ತಿಂಗಳ ಮಳೆಗೆ ಒಳಗೆ ನೀರು ನಿಂತು ಕೊಳೆತು ನಾರುತ್ತದೆ. ಆಮೇಲೆ ಜನರೇ ಮುಚ್ಚಳ ಮುಟ್ಟಲು ಹೇಸಿ ಪಕ್ಕದಲ್ಲಿ ಎಸೆದು ಹೋಗುತ್ತಾರೆ.

ಮನೆಯ ಮಟ್ಟಿಗೆ ದೊಡ್ಡ ನಷ್ಟ ಹೆಂಚಿನದು. ಮಂಗಳೂರು ಹೆಂಚನ್ನು ಮಗುಚಿ ನೋಡಿ. ಒಳಮೈಯಲ್ಲಿ ರೀಪಿಗೆ ಕಚ್ಚಿಕೊಳ್ಳುವ ಗುಬಟಿನ ಬಳಿ ಒಂದು ಸಣ್ಣ ತೂತು ಇರುತ್ತದೆ. ತಂತಿ ಕಟ್ಟುವುದಕ್ಕೆಂದೇ ಕಾರ್ಖಾನೆಯವರು ಇಟ್ಟ ತೂತು ಅದು. ಮನೆ ಕಟ್ಟುವಾಗ ಯಾರೂ ಅದನ್ನು ಬಳಸುವುದಿಲ್ಲ. ಹೆಂಚು ಬರೀ ತನ್ನ ಭಾರದ ಮೇಲೆ ಕೂತಿರುತ್ತದೆ, ಮಂಗ ಎತ್ತುತ್ತದೆ. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವಾಗಲೇ (ಹೇಗೂ ಆಳು ಬಂದಿರುತ್ತಾನೆ) ಸೂರಿನಂಚಿನ ಎರಡು ಸಾಲು, ಮೂಲೆಹೆಂಚಿನ ಎರಡೂ ಬದಿ, ನಡುವೆ ಮೂರಕ್ಕೊಂದು ಸಾಲನ್ನು ಈ ತೂತಿನ ಮೂಲಕ ರೀಪಿಗೆ ಕಟ್ಟಿಸಿ. 18 ಗೇಜಿನ ತಾಮ್ರದ ಅಥವಾ ಸ್ಟೀಲಿನ ತಂತಿ ಇರಲಿ. ಮಾಮೂಲಿ ಕಟ್ಟುತಂತಿ ನಮ್ಮ ಮಳೆಗೆ ತುಕ್ಕು ಹಿಡಿದು ಬೇಗ ಪುಡಿಯಾಗುತ್ತದೆ. ಎಲ್ಲ ಹೆಂಚನ್ನೂ ಕಟ್ಟಿಸುವುದೂ ಬೇಡ, ಒಂದು ಒಡೆದಾಗ ಬದಲಿಸಲು ಸುತ್ತಲಿನದ್ದನ್ನೆಲ್ಲ ಬಿಚ್ಚಬೇಕಾಗುತ್ತದೆ.

ಇನ್ನು ಮಂಗ ಮಾಡಿಗೆ (ಛಾವಣಿಗೆ) ಬರುವ ದಾರಿ. ಅದು ಮೂರು ಮೀಟರ್ ಸಲೀಸಾಗಿ ಹಾರುತ್ತದೆ. ಹಾಗಾಗಿ ಮನೆಗೂ ಸಿಲ್ವರ್ ಓಕಿನ ಕೊಂಬೆಗೂ ನಡುವೆ ಹದಿನೈದು ಅಡಿಯಾದರೂ ಬಯಲು ಬಿಡಿಸಬೇಕು. ಕೊಂಬೆ ಕಡಿಸಿ ಕೇಬಲ್ ತಂತಿಯನ್ನು ಮರದಿಂದ ಮಾಡಿಗೆ ಹಾಗೇ ಬಿಟ್ಟರೆ ಕಡಿಸಿದ ಕೂಲಿ ದಂಡ, ಆ ತಂತಿಯೇ ಅವುಗಳ ಹೆದ್ದಾರಿ. ಅಡುಗೆಮನೆಯ ಕಿಟಕಿಗೆ ಕೋಳಿಬಲೆ ಹೊಡೆಸಿದರೆ ಮೂಲೆ ಹಿಡಿದು ಎಳೆದು ಹಾಕುತ್ತವೆ. 12 ಅಥವಾ 14 ಗೇಜಿನ, ಒಂದಿಂಚು ಕಣ್ಣಿನ ವೆಲ್ಡ್‌ಮೆಶ್ಶನ್ನು ಚೌಕಟ್ಟಿಗೆ ಪಟ್ಟಿ ಇಟ್ಟು ಸ್ಕ್ರೂ ಹಾಕಬೇಕು, ಮೊಳೆ ಸಾಲದು. ಗ್ರಿಲ್ಲಿನ ಸಂದಿ ಮೂರಿಂಚು ಇದ್ದರೆ ತಾಯಿ ಹೊರಗೆ ಕೂತು ಮರಿಯನ್ನು ಒಳಗೆ ಬಿಡುತ್ತದೆ. ನೀರಿನ ಟ್ಯಾಂಕಿನ ಮುಚ್ಚಳವನ್ನು ಕಲ್ಲಿಟ್ಟು ಮುಚ್ಚುವುದು ಎಲ್ಲಕ್ಕಿಂತ ಅಪಾಯ, ಕಲ್ಲು ಉರುಳಿ ಕೆಳಗಿರುವವರ ತಲೆಗೆ ಬೀಳಬಹುದು. ಮುಚ್ಚಳದ ಕಿವಿಗೂ ಟ್ಯಾಂಕಿನ ಕಿವಿಗೂ ತೂತು ಮಾಡಿ ಸಣ್ಣ ಬೀಗ ಹಾಕಿ.

ಮಂಗ ಕಚ್ಚಿದರೆ ಅಥವಾ ಪರಚಿದರೆ, ರಕ್ತ ಬಾರದಿದ್ದರೂ, ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಚುಚ್ಚುಮದ್ದಿಗೆ ಹೋಗಬೇಕು. ಅರಿಸಿನ, ಸುಣ್ಣ ಮೆತ್ತಬೇಡಿ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ, ವೈದ್ಯರನ್ನು ಕೇಳಿ.

ಕೊಡಗಿಗೇ ವಿಶೇಷವಾದ ಇನ್ನೊಂದು ಕಸ ಹಂದಿಯದು. ಹೋಟೆಲು, ಹೋಂಸ್ಟೇ, ಮದುವೆ ಮಂಟಪಗಳ ಮುಸುರೆಯನ್ನು ಸಾಕುಹಂದಿಗೆ ಹಾಕುವುದು ಮೊದಲಿನಿಂದ ಬಂದದ್ದು. ಹಂದಿ ಕಡಿದ ಮೇಲೆ ಉಳಿದ ಕರುಳು, ಚರ್ಮವನ್ನು ಹಳ್ಳದ ಬದಿಗೆ ಎಸೆಯುವುದೂ ಇದೆ. ಕಾಡುಹಂದಿ ಊರಿಗೆ ಬರುವುದಕ್ಕೆ ಇಷ್ಟು ಸಾಕು. ಅದಕ್ಕಿಂತ ಭಯದ ಸಂಗತಿ ಆಫ್ರಿಕನ್ ಹಂದಿಜ್ವರ. ಈ ರೋಗ ಕೊಡಗಿನ ಸಾಕುಹಂದಿಗಳಲ್ಲಿ ಈಗಾಗಲೇ ಕಾಣಿಸಿಕೊಂಡಿದೆ. ಪಕ್ಕದ ತಮಿಳುನಾಡಿನ ಮುದುಮಲೆಯಲ್ಲಿ 2023ರಲ್ಲಿ ಕಾಡುಹಂದಿಗಳೂ ಇದರಿಂದ ಸತ್ತವು. ಮನುಷ್ಯರಿಗೆ ಇದು ಹರಡುವುದಿಲ್ಲ, ಆದರೆ ಹಂದಿಗೆ ಇದಕ್ಕೆ ಔಷಧವಿಲ್ಲ. ಬೇಯದ ಮಾಂಸದಲ್ಲಿ ವೈರಸ್ ಬಹಳ ದಿನ ಬದುಕುತ್ತದೆ. ಮುಸುರೆ ಹಾಕಲೇಬೇಕಿದ್ದರೆ ಕಲಕುತ್ತಾ ಅರ್ಧ ಗಂಟೆ ಚೆನ್ನಾಗಿ ಕುದಿಸಿ. ಮಾಂಸದ ತ್ಯಾಜ್ಯವನ್ನು ನಾಲ್ಕಡಿಗಿಂತ ಆಳದ ಗುಂಡಿಗೆ ಹಾಕಿ, ಸುಣ್ಣ ಚೆಲ್ಲಿ ಮುಚ್ಚಿ. ಎರಡಡಿ ಗುಂಡಿಯನ್ನು ಹಂದಿ ಒಂದೇ ರಾತ್ರಿಯಲ್ಲಿ ಕೆದಕುತ್ತದೆ. ಹಂದಿಗೂಡಿಗೂ ತೋಟಕ್ಕೂ ನಡುವೆ ಒಂದೇ ಸಾಲು ಬೇಲಿ ಸಾಲದು, ಕಾಡುಹಂದಿಯ ಮೂತಿ ಸಾಕುಹಂದಿಗೆ ತಾಗದಂತೆ ನಡುವೆ ಒಂದೆರಡು ಮೀಟರ್ ಜಾಗ ಬಿಟ್ಟು ಎರಡು ಬೇಲಿ ಬೇಕು.

ಆನೆಯ ವಿಷಯಕ್ಕೆ ಬರೋಣ. ದುಬಾರೆ, ಮೀನುಕೊಲ್ಲಿ, ಮಾಲ್ದಾರೆ ಸುತ್ತಿನ ತೋಟಗಳಲ್ಲಿ ಹುಟ್ಟಿ ಬೆಳೆದ ಆನೆಗಳಿಗೆ ತೋಟವೇ ಕಾಡು. ನೆರಳು ಇದೆ, ರೊಬಸ್ಟಾ ಕಾಫಿಗೆ ನೀರು ಹಾಯಿಸುವ ಕೆರೆ ಇದೆ, ಬೈನೆ, ಬಾಳೆ, ಹಲಸು ಇದೆ. ಕಾರ್ಯಾಚರಣೆ ಮಾಡಿ ಕಾಡಿಗೆ ಅಟ್ಟಿದರೂ ತಿರುಗಿ ಬರುವುದು ಇದಕ್ಕೇ. ಮನೆಯ ಹಿಂದಿನ ಎರಡು ಹಲಸಿನ ಮರವೇ ಜೂನ್ ತಿಂಗಳಲ್ಲಿ ಆನೆಯನ್ನು ಅಂಗಳಕ್ಕೆ ತರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮರ ಕಡಿಯಬೇಕಿಲ್ಲ. ಮಾರ್ಚ್-ಏಪ್ರಿಲಿನಲ್ಲಿ ಎಳೆಗಾಯಿ ಇರುವಾಗಲೇ ಇಳಿಸಿದರೆ ಪಲ್ಯಕ್ಕೂ ಆಯಿತು, ಸಂತೆಗೂ ಆಯಿತು. ಆದರೆ ಮನೆ, ಶಾಲೆ, ಬಸ್ ನಿಲ್ದಾಣ, ಲೈನ್ ಮನೆಗಳಿಂದ (ತೋಟದ ಕಾರ್ಮಿಕರ ಸಾಲುಮನೆಗಳಿಂದ) ನೂರು ಮೀಟರ್ ಒಳಗಿನ ಮರಗಳದ್ದನ್ನು ಮಾತ್ರ ಇಳಿಸಿ. ಕೆಲವು ತೋಟಗಳಲ್ಲಿ ಒಳಗಿನ ಮರಗಳನ್ನೂ ಬೋಳಿಸಿಬಿಡುತ್ತಾರೆ. ಆಗ ತೋಟದ ನಡುವೆ ಹಣ್ಣು ತಿಂದು ಸುಮ್ಮನಿರಬೇಕಾದ ಆನೆ ಬಾಳೆ ಹುಡುಕಿಕೊಂಡು ಮನೆಗಳ ಕಡೆಗೇ ಬರುತ್ತದೆ.

ಲೈನ್ ಮನೆಗಳ ಗೋಡೆ ಒಡೆಯುವ ಆನೆ ಹುಡುಕುವುದು ಅಕ್ಕಿ ಮತ್ತು ಉಪ್ಪನ್ನು. ಅಕ್ಕಿಮೂಟೆಯನ್ನು ಗೋಡೆಗೆ ಒರಗಿಸಿಡದೆ, ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ಒಳಕೋಣೆಯಲ್ಲಿ ಇಡಬೇಕು. ಮಲಗುವ ತಲೆ ಅಡುಗೆ ಕೋಣೆಯ ಗೋಡೆಯ ಕಡೆ ಇರಬಾರದು. ಕಳ್ಳಭಟ್ಟಿಗೆ ನೆನೆಹಾಕಿದ ಬೆಲ್ಲದ ವಾಸನೆ ಆನೆಗೆ ಬಹಳ ದೂರದಿಂದ ಸಿಗುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೂ ಬರೆಯಬೇಕಾದ ಮಾತು.

ಸೋಲಾರ್ ಬೇಲಿ ಕೆಲಸಕ್ಕೆ ಬಾರದು ಎಂದು ಬೈಯುವವರು ತಮ್ಮ ಬೇಲಿಯ ಕೊನೆಯ ಕಂಬದಲ್ಲಿ ಟೆಸ್ಟರ್ ಇಟ್ಟು ನೋಡಲಿ. ಬೇಲಿಗೆ ಕರೆಂಟು ಕೊಡುವ ಪೆಟ್ಟಿಗೆಯಿಂದ ಎಂಟು ಸಾವಿರ ವೋಲ್ಟ್ ಹೊರಟರೂ ಕೊನೆಯಲ್ಲಿ ಐದು ಸಾವಿರಕ್ಕಿಂತ ಕೆಳಗೆ ಇಳಿದಿದ್ದರೆ ಆನೆ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಇಳಿಯುವುದು ಎರಡು ಕಾರಣಕ್ಕೆ. ಒಂದು, ಕಳೆ: ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತಂತಿಯ ಕೆಳಗೆ ಸವರದಿದ್ದರೆ ಒದ್ದೆ ಹುಲ್ಲು, ಮೆಣಸಿನ ಬಳ್ಳಿ ತಾಗಿ ವಿದ್ಯುತ್ತು ಅಲ್ಲೇ ನೆಲಕ್ಕೆ ಇಳಿದುಹೋಗುತ್ತದೆ. ಎರಡು, ಅರ್ತಿಂಗ್: ಒಂದೇ ರಾಡ್ ಹೊಡೆದು ಬಿಟ್ಟಿರುತ್ತಾರೆ. ಆರಡಿಯ ಮೂರು ಜಿಐ (ಸತು ಲೇಪಿಸಿದ ಕಬ್ಬಿಣದ) ರಾಡುಗಳನ್ನು ಹತ್ತಡಿ ಅಂತರದಲ್ಲಿ, ತೇವ ಇರುವ ಜಾಗ ನೋಡಿ ಹೊಡೆಯಬೇಕು. ಫೆಬ್ರವರಿಯಿಂದ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ತನಕ ಅವುಗಳ ಬುಡಕ್ಕೆ ವಾರಕ್ಕೊಮ್ಮೆ ನೀರು ಹಾಕಬೇಕು. ಆಷಾಢದಲ್ಲಿ ವಾರಗಟ್ಟಲೆ ಬಿಸಿಲಿಲ್ಲದೆ ಬ್ಯಾಟರಿ ಸೊರಗುತ್ತದೆ, ಆಗ ಒಳಗೆ ತಂದು ಚಾರ್ಜ್ ಮಾಡಿಸದೆ ಬೇರೆ ದಾರಿಯಿಲ್ಲ. ನೇತಾಡುವ ತಂತಿಯ ಹೊಸ ಬೇಲಿಗಳಿಗೆ ಹುಲ್ಲಿನ ಕಾಟ ಕಡಿಮೆ, ಕಂಬವೂ ಆನೆಗೆ ಸುಲಭಕ್ಕೆ ಸಿಗದು. ಆದರೆ ನೆರಳಿನ ಮರದ ಕೊಂಬೆ ತಾಗಿದರೆ ಅದರದ್ದೂ ಅದೇ ಗತಿ. ಇನ್ನು ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಕೊಲೆಗೆ ಸಮ. ಆನೆಗಿಂತ ಮೊದಲು ಸಾಯುವುದು ಪಕ್ಕದ ಮನೆಯ ಹಸು ಅಥವಾ ಮನುಷ್ಯ.

ಕಂದಕ ನಮ್ಮ ಮಳೆಯಲ್ಲಿ ಅಂಚು ಕುಸಿದು ಕೆಲವೇ ವರ್ಷಕ್ಕೆ ಇಳಿಜಾರಾಗುತ್ತದೆ. ರೈಲ್ವೆ ಕಂಬಿಯ ಬ್ಯಾರಿಕೇಡ್ ಗಟ್ಟಿ, ಆದರೆ ಹಳ್ಳ ದಾಟುವಲ್ಲಿ ಬಿಟ್ಟ ಒಂದು ಸಂದು ಇಡೀ ಸಾಲನ್ನು ವ್ಯರ್ಥ ಮಾಡುತ್ತದೆ. ನಾಗರಹೊಳೆ ಅಂಚಿನಲ್ಲಿ ಅದನ್ನು ಹತ್ತಲು ಹೋಗಿ ಸಿಕ್ಕಿಕೊಂಡು ಆನೆ ಸತ್ತದ್ದೂ ಇದೆ. ಜೇನುಪೆಟ್ಟಿಗೆಯ ಬೇಲಿಯನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರಲ್ಲಿ ಕೊಡಗಿನಲ್ಲೇ ಪ್ರಯೋಗಕ್ಕೆ ಇಟ್ಟಿತು. ನಮ್ಮ ತುಡುವೆ ಜೇನು ಆಫ್ರಿಕಾದ ಜೇನಿನಷ್ಟು ಸಿಡುಕಿನದಲ್ಲ, ರಾತ್ರಿ ಹಾಗೂ ಜಡಿಮಳೆಯಲ್ಲಿ ಗೂಡಿನಿಂದ ಹೊರಗೇ ಬರುವುದಿಲ್ಲ. ಆನೆ ಬರುವುದೇ ಆ ಹೊತ್ತಿನಲ್ಲಿ. ಜೇನಿಗಾಗಿ ಪೆಟ್ಟಿಗೆ ಇಡಿ, ಬೇಲಿಯೆಂದು ನಂಬಬೇಡಿ. ಪಟಾಕಿಗೂ ಆನೆಗಳು ಒಗ್ಗಿಹೋಗಿವೆ. ಜಮ್ಮಾ ಕೋವಿಗೆ (ಕೊಡಗಿನ ಜಮ್ಮಾ ಜಮೀನಿನ ಹಕ್ಕಿನ ಮೇಲೆ ಇಟ್ಟುಕೊಳ್ಳುವ ಬಂದೂಕಿಗೆ) ಲೈಸೆನ್ಸಿನ ವಿನಾಯಿತಿ ಇರಬಹುದು, ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಕಾಡುಪ್ರಾಣಿಗೆ ಗುರಿ ಇಡುವುದಕ್ಕಲ್ಲ.

ಪ್ರಾಣ ಹೋಗುವುದು ಹೆಚ್ಚಾಗಿ ಮುಂಜಾನೆ ಮತ್ತು ಮುಸ್ಸಂಜೆ, ಮಂಜಿನಲ್ಲಿ ನಡೆದೋ ಬೈಕಿನಲ್ಲೋ ಹೋಗುವವರದು. ವಾಟ್ಸಾಪ್ ಗುಂಪುಗಳಲ್ಲಿ ಬರುವ ‘ಆನೆ ಇದೆ, ಹುಷಾರು’ ಎಂಬ ಸಂದೇಶದಿಂದ ಉಪಯೋಗವಿಲ್ಲ. ಹೊತ್ತು, ಜಾಗ, ಎಷ್ಟು ಆನೆ, ಯಾವ ಕಡೆ ಮುಖ ಮಾಡಿವೆ, ಈ ನಾಲ್ಕೂ ಇರಬೇಕು. ನಿನ್ನೆಯ ಸಂದೇಶವನ್ನು ಇವತ್ತು ದಾಟಿಸುವವರನ್ನು ಗುಂಪಿನಿಂದ ತೆಗೆಯಬೇಕು. ತೋಟಗಳಲ್ಲಿ ಈಗ ಅಸ್ಸಾಂ ಕಡೆಯ ಕಾರ್ಮಿಕರು ತುಂಬಾ ಇದ್ದಾರೆ, ಅವರಿಗೆ ಕನ್ನಡ ಓದಲು ಬಾರದು. ರೈಟರುಗಳು (ತೋಟದ ಗುಮಾಸ್ತರು) ಅದೇ ವಿಷಯವನ್ನು ಹಿಂದಿಯಲ್ಲಿ ಧ್ವನಿಸಂದೇಶ ಮಾಡಿ ಕಳಿಸಲು ಒಂದು ನಿಮಿಷ ಸಾಕು. ಆನೆ ಇರುವ ದಿನ ಹಾಜರಿಯನ್ನು ಬೆಳಕು ಚೆನ್ನಾಗಿ ಹರಿದ ಮೇಲೆ ತೆಗೆದುಕೊಂಡು, ಆಳುಗಳನ್ನು ಜೀಪಿನಲ್ಲೇ ಕರೆತರಬೇಕು. ರಸ್ತೆಯಲ್ಲಿ ಆನೆ ಎದುರಾದರೆ ನೂರು ಮೀಟರ್ ದೂರದಲ್ಲೇ ನಿಲ್ಲಿಸಿ, ದೀಪ ತಗ್ಗಿಸಿ, ಹಾರ್ನ್ ಮಾಡದೆ, ಎಂಜಿನ್ ಆರಿಸದೆ ನಿಧಾನಕ್ಕೆ ಹಿಂದಕ್ಕೆ ಹೋಗಿ. ಇಳಿದು ವಿಡಿಯೊ ಮಾಡುವ ಪ್ರವಾಸಿಗರಿಗೆ ಇದನ್ನು ಹೇಳಬೇಕಾದವರು ಹೋಂಸ್ಟೇ ಮಾಲೀಕರು, ಕೀ ಕೊಡುವಾಗಲೇ.

ಹಾವಿನ ಬಗ್ಗೆ ಎರಡೇ ಮಾತು. ಸೌದೆಯನ್ನು ಗೋಡೆಗೆ ತಾಗಿಸದೆ, ನೆಲದಿಂದ ಒಂದಡಿ ಎತ್ತರಿಸಿ ಒಟ್ಟಿ. ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಉಂಗುರ, ಬಳೆ ತೆಗೆದು, ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯಿರಿ. ಈಗಿರುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಕಾಫಿ ಗಿಡದಲ್ಲಿ ಕೂರುವ ಗುಳಿಮಂಡಲಗಳಿಗೆ ಅದು ನಾಟದು. ಆದ್ದರಿಂದ ದೂರದಿಂದ ಮೊಬೈಲಿನಲ್ಲಿ ಒಂದು ಫೋಟೊ ಸಿಕ್ಕರೆ ವೈದ್ಯರಿಗೆ ಸಹಾಯವಾಗುತ್ತದೆ. ಅದಕ್ಕಾಗಿ ಹಾವಿನ ಹಿಂದೆ ಓಡಬೇಡಿ.

ಸ್ಥಳೀಯ ಸಂಸ್ಥೆಗಳು ಬಜೆಟ್ ಸಿದ್ಧಪಡಿಸುವುದು ಫೆಬ್ರವರಿ-ಮಾರ್ಚಿನಲ್ಲಿ. ಈ ಸಲ ಮಂಗ ಹಿಡಿಸಲು ಹಣ ತೆಗೆದಿಡುವ ಬದಲು ಮೂರು ಬಾಬ್ತು ಸೇರಿಸಲಿ: ಹೊತ್ತಿನ ಕರಾರಿರುವ ಕಸದ ಗಾಡಿ, ಕೊಂಡಿ ಇರುವ ಡ್ರಮ್ಮು, ಶಾಲೆ ಹಾಗೂ ಬಸ್ ನಿಲ್ದಾಣಗಳ ಸುತ್ತ ಎಳೆ ಹಲಸು ಇಳಿಸುವ ಕೂಲಿ. ಮೂರನೆಯದಕ್ಕೆ ಆದೇಶ ಮಾರ್ಚ್ ಒಳಗೇ ಹೊರಡಬೇಕು. ಕಾಯಿ ಬಲಿತ ಮೇಲೆ ಅದಕ್ಕೆ ಬೆಲೆ ಇಲ್ಲ, ಮಳೆ ಹಿಡಿದ ಮೇಲೆ ಜಾರುವ ಮರ ಹತ್ತುವ ಆಳು ಸಿಗುವುದಿಲ್ಲ.

ಇತಿ,
ಕೆಲವು ಓದುಗರು, ಕೊಡಗು